ಮೊಗ್ಗಿನೊಳಗಿನ ಪರಿಮಳ: ಗಂಡುಮಗುವಿನ ಬೀಜಮೂಲ ರೂಪುಗೊಳ್ಳುವ ಬಗೆ



ಜಾತ್ರೆ, ಅಮಾವಾಸ್ಯೆ, ಶ್ರಾವಣ ಸೋಮವಾರಗಳಂದು ಗದ್ದುಗೆಯ ದರ್ಶನಕ್ಕೆ ಬರುವವರಲ್ಲಿ ಸಂತಾನಭಾಗ್ಯವನ್ನು ಬೇಡಿ ಬರುವ ದಂಪತಿಗಳ ಸಂಖ್ಯೆ ಕಡಿಮೆಯೇನಲ್ಲ. ಅವರಲ್ಲಿ ಕೆಲವರು ನಮ್ಮಂತಹ ವೈದ್ಯರ ಬಳಿಗೂ ಬರುತ್ತಾರೆ. ಇಷ್ಟು ವರ್ಷಗಳ ವೈದ್ಯವೃತ್ತಿಯಲ್ಲಿ ನಾವು ಮತ್ತೆ ಮತ್ತೆ ಕಂಡದ್ದೇನೆಂದರೆ, ಹೆಣ್ಣುಮಗಳ ಕೈಚೀಲದಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮೊದಲಾದ ವರದಿಗಳ ದೊಡ್ಡ ಕಂತೆಯೇ ಇರುತ್ತದೆ. ಗಂಡನ ಹೆಸರಿನಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಮೂರು, ನಾಲ್ಕು, ಕೆಲವೊಮ್ಮೆ ಎಂಟು ವರ್ಷಗಳ ಚಿಕಿತ್ಸೆಯ ಬಳಿಕವೂ ಆತನ ವೀರ್ಯಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದಿರುವ ಸತ್ಯ. ಆದರೂ 'ಬಂಜೆ' ಎಂಬ ನಿಂದೆಯನ್ನು ಹೊರುವವಳು ಸೊಸೆಯೊಬ್ಬಳೇ.

ಇನ್ನೊಂದು ಸಂಗತಿಯೂ ಇದರೊಡನೆ ಸೇರಿಕೊಂಡಿದೆ. ಮೂವತ್ತರ ಹರೆಯದಲ್ಲಿ ಬೆಳಕಿಗೆ ಬರುವ ಪುರುಷ ಬಂಜೆತನಗಳಲ್ಲಿ ಕೆಲವು ಆತನ ಬಾಲ್ಯದಲ್ಲಿಯೇ, ತೊಟ್ಟಿಲಲ್ಲಿರುವಾಗಲೇ ಬೀಜ ಬಿಟ್ಟಿರುತ್ತವೆ. ಸಕಾಲದಲ್ಲಿ ಗಮನಿಸಿದ್ದರೆ ಅವುಗಳಲ್ಲಿ ಹಲವನ್ನು ತಪ್ಪಿಸಬಹುದಿತ್ತು. ಆದ್ದರಿಂದ ಈ ತಿಂಗಳು ಪುರುಷನ ದೇಹದಲ್ಲಿ ವೀರ್ಯಾಣುಗಳ ಮೂಲವಾದ ಕೋಶಗಳು ಎಲ್ಲಿಂದ ಬರುತ್ತವೆ, ಹೇಗೆ ಬೆಳೆಯುತ್ತವೆ, ಅವುಗಳನ್ನು ಕಾಪಾಡುವ ಹೊಣೆ ಯಾರದು ಎಂಬುದನ್ನು ವಿವೇಚಿಸೋಣ. ವಿಷಯ ಸಂಕೋಚದ್ದೆಂದು ಯಾರೂ ಭಾವಿಸಬಾರದು. ಕಾಯವನ್ನು ಹೀನವೆಂದು ಹಳಿಯದೆ ಅದನ್ನು ಪ್ರಸಾದವೆಂದು ಕಂಡ ಶರಣಪರಂಪರೆ ನಮ್ಮದು. ಪ್ರಸಾದದ ವಿಚಾರದಲ್ಲಿ ನಾಚಿಕೆಗೆ ಎಡೆಯಿಲ್ಲ.

ಪ್ರಾಚೀನರು ಕಂಡ ಬಗೆ

ಆಯುರ್ವೇದವು ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜೆ, ಶುಕ್ರ ಎಂದು ಏಳು ಧಾತುಗಳನ್ನು ಹೇಳುತ್ತದೆ. ಶುಕ್ರವು ಕೊನೆಯದು, ಸಾರಭೂತವಾದುದು. ಸುಶ್ರುತಾಚಾರ್ಯರ ಮುಂದೆ ಪ್ರಶ್ನೆಯೊಂದಿತ್ತು: ಶುಕ್ರವು ದೇಹದ ಧಾತುವೇ ಆಗಿದ್ದರೆ ಬಾಲಕನಲ್ಲಿ ಅದು ಏಕೆ ಕಾಣಿಸುವುದಿಲ್ಲ? ಅವರು ಹೂವಿನ ಮೊಗ್ಗನ್ನು ದೃಷ್ಟಾಂತವಾಗಿ ಕೊಟ್ಟರು. ಮೊಗ್ಗಿನಲ್ಲಿ ಪರಿಮಳವು ಇದ್ದೂ ತೋರದು, ಅರಳಿದಾಗಲೇ ವ್ಯಕ್ತವಾಗುವುದು. ಬಾಲಕನಲ್ಲಿ ಶುಕ್ರವೂ ಹಾಗೆಯೇ ಅವ್ಯಕ್ತವಾಗಿದ್ದು ಪ್ರಾಯದಲ್ಲಿ ಪ್ರಕಟವಾಗುತ್ತದೆ ಎಂಬುದು ಅವರ ಸಮಾಧಾನ.

ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ನೀಡಿದ ಈ ಉತ್ತರದ ಹಿಂದಿನ ಒಳನೋಟಕ್ಕೆ ನಾವು ತಲೆಬಾಗಬೇಕು. ಆದರೆ ಮೊಗ್ಗಿನೊಳಗೆ ನಡೆಯುವುದೇನು ಎಂಬುದನ್ನು ಕಾಣಲು ಉಪಕರಣಗಳೇ ಬೇಕಾದವು. ೧೬೭೭ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಆಂಟೊನಿ ವಾನ್ ಲೇವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ವೀರ್ಯಾಣುಗಳನ್ನು ಕಂಡನು. ೧೮೬೫ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ಎಂಬ ತರುಣನು ವೃಷಣದೊಳಗಿನ ಪೋಷಕ ಕೋಶಗಳನ್ನು ವರ್ಣಿಸಿದನು. ಅವು ಇಂದಿಗೂ ಸೆರ್ಟೋಲಿ ಕೋಶಗಳೆಂದೇ ಪ್ರಸಿದ್ಧ. ಮೊಗ್ಗಿನೊಳಗಿನ ಪರಿಮಳವೆಂದು ಸುಶ್ರುತರು ಸೂಚಿಸಿದ್ದನ್ನು ಇಂದಿನ ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಅದು ವೃಷಣದಲ್ಲಿ ನಿದ್ರಿಸುತ್ತಿರುವ ಆಕರಕೋಶಗಳ ಸಮೂಹ. ವೈದ್ಯರು ಇವನ್ನು ಸ್ಟೆಮ್ ಸೆಲ್ ಎನ್ನುತ್ತಾರೆ.

ಹೊರಗಿನಿಂದ ಬಂದ ಬೀಜ

ವೀರ್ಯಾಣುಗಳ ಮೂಲಕೋಶಗಳು ವೃಷಣದಲ್ಲಿಯೇ ಹುಟ್ಟುತ್ತವೆಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ತಾಯಿಯ ಗರ್ಭದಲ್ಲಿ ಭ್ರೂಣಕ್ಕೆ ಮೂರರಿಂದ ನಾಲ್ಕು ವಾರಗಳಾಗಿರುವಾಗ, ಅಂದರೆ ವೃಷಣವೆಂಬ ಅಂಗದ ಕುರುಹೂ ಇಲ್ಲದಿರುವಾಗ, ಭ್ರೂಣಕ್ಕೆ ಹೊಂದಿಕೊಂಡಿರುವ ಅಂಡಪೀತಕೋಶದ ಭಿತ್ತಿಯಲ್ಲಿ ಕೆಲವೇ ಕೋಶಗಳು ಕಾಣಿಸಿಕೊಳ್ಳುತ್ತವೆ. ಆದಿಬೀಜಕೋಶಗಳೆಂದು ಇವುಗಳ ಹೆಸರು. ಇವು ಕರುಳಿನ ಹಿಂಭಾಗದ ಗುಂಟ ತೆವಳುತ್ತ, ದಾರಿಯುದ್ದಕ್ಕೂ ವಿಭಜನೆಗೊಂಡು ಸಂಖ್ಯೆಯಲ್ಲಿ ಹೆಚ್ಚುತ್ತ, ಐದಾರನೆಯ ವಾರದ ವೇಳೆಗೆ ಮೂತ್ರಪಿಂಡದ ಸಮೀಪದಲ್ಲಿರುವ ಜನನಾಂಗದ ದಿಣ್ಣೆಯನ್ನು ಸೇರುತ್ತವೆ. ಬೀಜವೊಂದು ತನ್ನ ಹೊಲವನ್ನು ತಾನೇ ಹುಡುಕಿಕೊಂಡು ಬಂದಂತೆ.

ಅಲ್ಲಿಯವರೆಗೆ ಆ ಹೊಲಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ. ಭ್ರೂಣದಲ್ಲಿ ವೈ ವರ್ಣತಂತು ಇದ್ದರೆ ಅದರ ಮೇಲಿರುವ ಎಸ್‌ಆರ್‌ವೈ ಎಂಬ ವಂಶವಾಹಿಯು ಆರೇಳನೆಯ ವಾರದಲ್ಲಿ ಜಾಗೃತವಾಗುತ್ತದೆ. ಈ ವಂಶವಾಹಿಯನ್ನು ಬ್ರಿಟನ್ನಿನ ವಿಜ್ಞಾನಿಗಳು ೧೯೯೦ರಲ್ಲಿ ಗುರುತಿಸಿದರು. ಅದರ ಆದೇಶದಂತೆ ದಿಣ್ಣೆಯ ಕೆಲವು ಕೋಶಗಳು ಸೆರ್ಟೋಲಿ ಕೋಶಗಳಾಗಿ ಮಾರ್ಪಟ್ಟು, ವಲಸೆ ಬಂದ ಬೀಜಕೋಶಗಳನ್ನು ಸುತ್ತುವರಿದು ಹಗ್ಗದಂತಹ ರಚನೆಗಳನ್ನು ಕಟ್ಟುತ್ತವೆ. ಮುಂದೆ ಇವೇ ವೀರ್ಯನಾಳಿಕೆಗಳಾಗುತ್ತವೆ. ನಾಳಿಕೆಗಳ ನಡುವಣ ಲೇಡಿಗ್ ಕೋಶಗಳು ಎಂಟನೆಯ ವಾರದ ಸುಮಾರಿಗೆ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತವೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ವೈ ವರ್ಣತಂತುವು ತಾಯಿಯಲ್ಲಿ ಇರುವುದೇ ಇಲ್ಲ. ಅದು ತಂದೆಯ ವೀರ್ಯಾಣುವಿನಿಂದ ಮಾತ್ರ ಬರಬಲ್ಲುದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಈ ಒಂದು ವಾಕ್ಯವನ್ನಾದರೂ ನೆನಪಿನಲ್ಲಿಡಬೇಕು.

ನಾಳಿಕೆಯೊಳಗೆ ಸೇರಿದ ಬೀಜಕೋಶಗಳಿಗೆ ಈಗ ಗೊನೊಸೈಟ್ ಎಂಬ ಹೆಸರು. ಅವು ನಾಳಿಕೆಯ ಮಧ್ಯದಲ್ಲಿರುತ್ತವೆ. ಕೆಲಕಾಲ ವೃದ್ಧಿಸಿ ಬಳಿಕ ವಿಶ್ರಾಂತಿಗೆ ಇಳಿಯುತ್ತವೆ. ಇವು ಇನ್ನೂ ಆಕರಕೋಶಗಳಲ್ಲ. ಆಕರಕೋಶಗಳಾಗುವ ಅರ್ಹತೆಯುಳ್ಳವು, ಅಷ್ಟೇ. ಆ ಮಾರ್ಪಾಡಿನ ಪ್ರಧಾನ ಘಟ್ಟ ಮಗು ಹುಟ್ಟಿದ ಮೇಲೆ ಬರುತ್ತದೆ.

ಹುಟ್ಟಿದ ನಂತರದ ಮೊದಲ ವರ್ಷ

ಶಿಶುವಿಗೆ ಒಂದರಿಂದ ಮೂರು ತಿಂಗಳಾಗಿರುವಾಗ ಯಾರ ಕಣ್ಣಿಗೂ ಕಾಣದ ಘಟನೆಯೊಂದು ಜರುಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಹಾರ್ಮೋನುಗಳನ್ನು ಹೊರಸೂಸಿ, ಶಿಶುವಿನ ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಪ್ರಮಾಣವು ಪ್ರಾಯದ ಹುಡುಗನನ್ನು ನೆನಪಿಸುವಷ್ಟು ಏರುತ್ತದೆ. ಆರು ತಿಂಗಳ ವೇಳೆಗೆ ಅದು ಮತ್ತೆ ಇಳಿದುಹೋಗುತ್ತದೆ. ವೈದ್ಯರು ಇದನ್ನು ಕಿರುಪ್ರಾಯವೆಂದು ಕರೆಯುತ್ತಾರೆ. ಮೀಸೆ ಮೂಡದು, ಧ್ವನಿ ಒಡೆಯದು. ಆದರೆ ನಾಳಿಕೆಯೊಳಗೆ ಮಹತ್ತ್ವದ ಬದಲಾವಣೆಯಾಗುತ್ತಿರುತ್ತದೆ. ಮಧ್ಯದಲ್ಲಿದ್ದ ಗೊನೊಸೈಟ್‌ಗಳು ನಾಳಿಕೆಯ ಅಂಚಿಗೆ ಸರಿದು, ತಳಪೊರೆಯ ಮೇಲೆ ನೆಲೆಯೂರಿ, ನಿಜವಾದ ಆಕರಕೋಶಗಳಾಗಿ ಮಾರ್ಪಡುತ್ತವೆ. ಈ ಪರಿವರ್ತನೆ ಮೂರನೆಯ ತಿಂಗಳಿನಿಂದ ಆರಂಭವಾಗಿ ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ನೆಲೆಯೂರಲಾರದ ಗೊನೊಸೈಟ್‌ಗಳು ನಶಿಸಿಹೋಗುತ್ತವೆ.

ಒಂದೊಂದೇ ಕೋಶವನ್ನು ಪ್ರತ್ಯೇಕಿಸಿ ಅದರಲ್ಲಿ ಯಾವ ವಂಶವಾಹಿಗಳು ಎಚ್ಚೆತ್ತಿವೆ ಎಂದು ನೋಡುವ ಹೊಸ ವಿಧಾನದಿಂದ ಈ ಜ್ಞಾನ ಇನ್ನಷ್ಟು ಸ್ಪಷ್ಟವಾಗಿದೆ. ೨೦೧೯ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಮೈಲ್ಸ್ ವಿಲ್ಕಿನ್ಸನ್ ಅವರ ತಂಡವು ನವಜಾತ ಶಿಶುವಿನ ಮತ್ತು ವಯಸ್ಕರ ವೃಷಣಕೋಶಗಳನ್ನು ಹೀಗೆ ಹೋಲಿಸಿ ನೋಡಿತು. ಯೂಟಾ ವಿಶ್ವವಿದ್ಯಾಲಯದ ಬ್ರಾಡ್ಲಿ ಕೇರ್ನ್ಸ್ ಅವರ ತಂಡವೂ ಇದೇ ದಿಕ್ಕಿನಲ್ಲಿ ವ್ಯಾಪಕ ಕೆಲಸ ಮಾಡಿದೆ. ಪುರುಷನು ಮುಂದೆ ತಂದೆಯಾಗುವ ಸಾಮರ್ಥ್ಯದ ತಳಹದಿ ಆತನು ಇನ್ನೂ ಅಂಬೆಗಾಲಿಡುವ ಮೊದಲೇ ಬೀಳುತ್ತದೆಂಬುದು ಇವೆಲ್ಲದರ ತಾತ್ಪರ್ಯ.

ಕೆಳಗಿಳಿಯದ ವೃಷಣ

ಮೇಲೆ ಹೇಳಿದ ಶಾಸ್ತ್ರಜ್ಞಾನವು ಮನೆಮನೆಗೂ ಬೇಕಾಗುವುದು ಈ ಕಾರಣಕ್ಕೆ. ವೃಷಣವು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಬಳಿ. ಗರ್ಭದ ಏಳನೆಯ ತಿಂಗಳಿನ ನಂತರ ಅದು ತೊಡೆಸಂದಿನ ಕಾಲುವೆಯ ಮೂಲಕ ಕೆಳಗಿಳಿದು ವೃಷಣಚೀಲವನ್ನು ಸೇರಬೇಕು. ಚೀಲದ ಉಷ್ಣತೆ ದೇಹದ ಉಷ್ಣತೆಗಿಂತ ೨ರಿಂದ ೪ ಡಿಗ್ರಿ ಸೆಲ್ಸಿಯಸ್ ಕಡಿಮೆಯಿರುತ್ತದೆ. ಬೀಜಕೋಶಗಳಿಗೆ ಆ ತಂಪು ಅಗತ್ಯ.

ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ೩ ಮಕ್ಕಳಿಗೆ ಒಂದು ಅಥವಾ ಎರಡು ವೃಷಣಗಳು ಹುಟ್ಟುವಾಗ ಕೆಳಗಿಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಈ ಪ್ರಮಾಣ ಶೇಕಡಾ ೩೦ರವರೆಗೂ ಇರಬಹುದು. ಇವರಲ್ಲಿ ಹಲವರಿಗೆ ಮೊದಲ ಕೆಲವು ತಿಂಗಳಲ್ಲಿ ವೃಷಣವು ತಾನಾಗಿಯೇ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಅನಂತರ ಇಳಿಯುವ ಸಂಭವ ತೀರ ಕಡಿಮೆ. ಇಷ್ಟರಲ್ಲಿ ಕಿರುಪ್ರಾಯವೂ ಮುಗಿದಿರುತ್ತದೆ. ಹೊಟ್ಟೆಯ ಬಿಸಿಯಲ್ಲಿ ಉಳಿದ ವೃಷಣದಲ್ಲಿ ಗೊನೊಸೈಟ್‌ಗಳು ಆಕರಕೋಶಗಳಾಗಿ ಸರಿಯಾಗಿ ಮಾರ್ಪಡುವುದಿಲ್ಲ. ದಿನ ಕಳೆದಂತೆ ಬೀಜಕೋಶಗಳ ಸಂಖ್ಯೆ ಕುಗ್ಗುತ್ತದೆ. ಮಾರ್ಪಡದೆ ಉಳಿದ ಕೋಶಗಳೇ ಮುಂದೆ ಯೌವನದಲ್ಲಿ ವೃಷಣದ ಕ್ಯಾನ್ಸರಿಗೆ ಮೂಲವಾಗಬಹುದೆಂದು ತಜ್ಞರು ಭಾವಿಸುತ್ತಾರೆ. ಕೆಳಗಿಳಿಯದ ವೃಷಣವಿದ್ದವರಲ್ಲಿ ಆ ರೋಗದ ಸಂಭವ ಇತರರಿಗಿಂತ ಹೆಚ್ಚೆಂಬುದಂತೂ ಖಚಿತ.

ಆದುದರಿಂದಲೇ ಆರು ತಿಂಗಳಾದ ಮೇಲೆ, ಸಾಧ್ಯವಾದರೆ ವರ್ಷ ತುಂಬುವುದರೊಳಗೆ, ಹೆಚ್ಚೆಂದರೆ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಂದ ವೃಷಣವನ್ನು ಚೀಲಕ್ಕೆ ಇಳಿಸಿ ನಿಲ್ಲಿಸಬೇಕೆಂದು ಇಂದಿನ ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರಿಗೆ ಇದು ಪರಿಚಿತವಾದ ಕೆಲಸ.

ನಮ್ಮ ಕಡೆ ನಡೆಯುವುದೇನು? "ಇನ್ನೂ ಸಣ್ಣ ಕೂಸು, ದೊಡ್ಡವನಾದಂಗ ತಾನಾ ಇಳೀತೈತಿ" ಎಂದು ಹಿರಿಯರು ಹೇಳುತ್ತಾರೆ. ಕೂಸಿಗೆ ಕತ್ತರಿ ಹಾಕಿಸಲು ತಾಯಿಯ ಮನಸ್ಸು ಒಪ್ಪುವುದಿಲ್ಲ. ಕೆಲವರು ತೊಡೆಸಂದಿಗೆ ಎಣ್ಣೆ ಹಚ್ಚಿ ನೀವುತ್ತಾರೆ; ಕೆಲವರು ಯಾರಿಗೂ ತಿಳಿಯಬಾರದೆಂದು ಮುಚ್ಚಿಡುತ್ತಾರೆ. ಹುಡುಗನು ಎಂಟು ಹತ್ತು ವರ್ಷದವನಾದ ಮೇಲೆ, ಇಲ್ಲವೇ ಮದುವೆಯಾಗಿ ಮಕ್ಕಳಾಗದಿದ್ದಾಗ ವಿಷಯ ಹೊರಬೀಳುತ್ತದೆ. ಆಗ ಶಸ್ತ್ರಚಿಕಿತ್ಸೆ ಮಾಡಬಹುದು, ಮಾಡಲೂ ಬೇಕು. ಆದರೆ ಕಳೆದುಹೋದ ಆಕರಕೋಶಗಳನ್ನು ಮರಳಿ ತರಲು ಯಾವ ಪದ್ಧತಿಯ ವೈದ್ಯನಿಂದಲೂ ಆಗದು.

ಪತ್ತೆ ಮಾಡುವುದು ಕಷ್ಟವಲ್ಲ. ಕೂಸಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವ ನಮ್ಮ ಪದ್ಧತಿಯೇ ಇದಕ್ಕೆ ಒಳ್ಳೆಯ ಅವಕಾಶ. ಚಳಿಗೆ ವೃಷಣಗಳು ಮೇಲಕ್ಕೆ ಸೆಳೆದುಕೊಳ್ಳುತ್ತವೆ. ಬೆಚ್ಚಗಿನ ನೀರಿಗೆ ಸಡಿಲಗೊಂಡು ಇಳಿಯುತ್ತವೆ. ಎರೆಯುವ ಅಜ್ಜಿಯು ಚೀಲದಲ್ಲಿ ಎರಡೂ ಕಡೆ ಅವರೆಕಾಳಿನಷ್ಟು ಗುಂಡಗಿರುವ ವೃಷಣ ಕೈಗೆ ಸಿಗುತ್ತದೆಯೇ ಎಂದು ಮೃದುವಾಗಿ ನೋಡಿದರೆ ಸಾಕು. ಸ್ನಾನದ ವೇಳೆ ಕೆಳಗಿದ್ದು ಬೇರೆ ಸಮಯದಲ್ಲಿ ಮೇಲೆ ಸರಿಯುವುದು ಸಾಮಾನ್ಯವಾಗಿ ದೋಷವಲ್ಲ. ಆದರೂ ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸುತ್ತಿರಬೇಕು. ಬೆಚ್ಚಗಿನ ನೀರಿನಲ್ಲಿಯೂ ಸಿಗದಿದ್ದರೆ ಲಸಿಕೆ ಹಾಕಿಸಲು ಹೋದಾಗ ವೈದ್ಯರಿಗೆ ತಿಳಿಸಬೇಕು. ಕೂಸಿಗೆ ಲಿಂಗಧಾರಣೆ ಮಾಡಿಸಿದೆವೇ, ಹೆಸರಿಟ್ಟೆವೇ, ಲಸಿಕೆ ಹಾಕಿಸಿದೆವೇ ಎಂದು ಕೇಳುವ ಹಿರಿಯರು ಈ ಒಂದು ಪ್ರಶ್ನೆಯನ್ನೂ ಕೇಳುವಂತಾಗಬೇಕು.

ಬಿತ್ತನೆ ಬೀಜದ ನೀತಿ

ಕಿರುಪ್ರಾಯ ಕಳೆದ ಮೇಲೆ ಆಕರಕೋಶಗಳು ದೀರ್ಘ ವಿಶ್ರಾಂತಿಯಲ್ಲಿರುತ್ತವೆ. ಈ ಅವಧಿಯಲ್ಲಿ ಅವನ್ನು ಸುತ್ತುವರಿದ ಸೆರ್ಟೋಲಿ ಕೋಶಗಳ ಸಂಖ್ಯೆ ನಿರ್ಧಾರವಾಗುತ್ತದೆ. ಪ್ರಾಯ ಬಂದ ಮೇಲೆ ಅವು ವೃದ್ಧಿಸುವುದು ನಿಲ್ಲುತ್ತದೆ. ಒಂದು ಸೆರ್ಟೋಲಿ ಕೋಶವು ಪೋಷಿಸಬಲ್ಲ ಬೀಜಕೋಶಗಳಿಗೆ ಮಿತಿಯಿರುವುದರಿಂದ, ಪುರುಷನ ವೀರ್ಯಾಣು ಉತ್ಪಾದನೆಯ ಮಿತಿಯೂ ಬಾಲ್ಯದಲ್ಲಿಯೇ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಪಿಟ್ಯುಟರಿ ಗ್ರಂಥಿ ಮತ್ತೆ ಎಚ್ಚೆತ್ತು ಆಕರಕೋಶಗಳನ್ನು ಎಬ್ಬಿಸುತ್ತದೆ. ಆಕರಕೋಶದ ವಿಶೇಷವೇನೆಂದರೆ ಅದು ವೀರ್ಯಾಣುಗಳನ್ನು ಕೊಡುತ್ತಲೇ ತನ್ನ ಸಂತತಿಯನ್ನೂ ಉಳಿಸಿಕೊಳ್ಳುತ್ತದೆ. ಒಕ್ಕಲಿಗನು ರಾಶಿಯನ್ನೆಲ್ಲ ಮಾರದೆ, ಮುಂದಿನ ವರ್ಷದ ಬಿತ್ತನೆಗೆಂದು ಒಂದು ಪಾಲನ್ನು ತೆಗೆದಿರಿಸುವನಷ್ಟೆ. ಆಕರಕೋಶಗಳ ನೀತಿಯೂ ಅದೇ. ಕೆಲವು ವಿಭಜನೆಯ ದಾರಿ ಹಿಡಿದರೆ ಕೆಲವು ಬಿತ್ತನೆ ಬೀಜವಾಗಿ ಉಳಿಯುತ್ತವೆ. ೧೯೬೦ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಈವ್ ಕ್ಲೆರ್ಮಾಂಟ್ ಅವರು ಮಾನವ ವೃಷಣದಲ್ಲಿ ಗಾಢವರ್ಣದವು, ತಿಳಿವರ್ಣದವು ಎಂದು ಎರಡು ಬಗೆಯ ಕೋಶಗಳನ್ನು ವಿವರಿಸಿ, ಗಾಢವಾದವು ಕಾಯ್ದಿರಿಸಿದ ನಿಧಿಯೆಂದೂ ತಿಳಿಯಾದವು ನಿತ್ಯದ ಕೆಲಸಕ್ಕೆ ತೊಡಗಿದವೆಂದೂ ಪ್ರತಿಪಾದಿಸಿದರು. ಎಷ್ಟು ಉಳಿಯಬೇಕು, ಎಷ್ಟು ಮುಂದೆ ಸಾಗಬೇಕು ಎಂಬುದನ್ನು ನಿಯಂತ್ರಿಸುವ ಸಂಕೇತವೊಂದು ಸೆರ್ಟೋಲಿ ಕೋಶಗಳಿಂದಲೇ ಹೊರಡುತ್ತದೆಂದು ಫಿನ್ಲೆಂಡಿನ ವಿಜ್ಞಾನಿಗಳು ೨೦೦೦ದಲ್ಲಿ ಇಲಿಗಳಲ್ಲಿ ತೋರಿಸಿದರು.

ಮುಂದೆ ಸಾಗಿದ ಕೋಶವು ಹಂತಹಂತವಾಗಿ ವಿಭಜಿಸಿ, ತನ್ನ ೪೬ ವರ್ಣತಂತುಗಳನ್ನು ೨೩ಕ್ಕೆ ಇಳಿಸಿಕೊಂಡು, ಕೊನೆಗೆ ತಲೆ-ಬಾಲಗಳುಳ್ಳ ವೀರ್ಯಾಣುವಾಗುತ್ತದೆ. ಇದಕ್ಕೆ ಹಿಡಿಯುವ ಕಾಲ ಸುಮಾರು ೬೪ರಿಂದ ೭೪ ದಿನ. ರಸವು ಶುಕ್ರವಾಗಲು ಒಂದು ತಿಂಗಳು ಬೇಕೆಂದು ಸುಶ್ರುತರು ಹೇಳಿದ್ದರು. ಇಂದಿನ ಅಳತೆ ಅದಕ್ಕಿಂತ ದೀರ್ಘವಾದುದು. ಪ್ರಾಪ್ತವಯಸ್ಕನ ವೃಷಣಗಳಲ್ಲಿ ಪ್ರತಿ ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳು ಸಿದ್ಧವಾಗುತ್ತಿರುತ್ತವೆ. ಮಠದ ದಾಸೋಹದ ಒಲೆಯಂತೆ ಈ ಕಾಯಕ ವೃದ್ಧಾಪ್ಯದವರೆಗೂ ಆರುವುದಿಲ್ಲ.

ವೀರ್ಯನಷ್ಟವೆಂಬ ಭಯ

ಈ ತಿಳಿವಳಿಕೆಯಿಂದ ನಮ್ಮ ಯುವಕರ ಒಂದು ಭಾರ ಇಳಿಯಬೇಕು. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಖರ್ಚಾಗುತ್ತದೆ, ಸ್ವಪ್ನಸ್ಖಲನದಿಂದ ಆಯುಷ್ಯ ಕ್ಷೀಣಿಸುತ್ತದೆ ಎಂಬ ಹೆದರಿಕೆಯಿಂದ ಕೃಶರಾಗಿ, ನಿದ್ದೆಗೆಟ್ಟು, ಓದು ಬಿಟ್ಟು ಬರುವ ಹುಡುಗರನ್ನು ನಾವು ಬಹಳ ಕಂಡಿದ್ದೇವೆ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಗುಪ್ತರೋಗದ ಜಾಹೀರಾತುಗಳು ಈ ಭಯವನ್ನೇ ಬಂಡವಾಳ ಮಾಡಿಕೊಂಡಿವೆ. ಈ ಕಳವಳವನ್ನು ಮನೋವೈದ್ಯ ಎನ್. ಎನ್. ವಿಗ್ ಅವರು ೧೯೬೦ರಲ್ಲಿಯೇ ಧಾತ್ ಸಿಂಡ್ರೋಮ್ ಎಂದು ಹೆಸರಿಸಿದರು. ವೀರ್ಯಾಣುಗಳು ನಿತ್ಯ ಹುಟ್ಟುತ್ತವೆ, ಬಳಕೆಯಾಗದವು ದೇಹದಲ್ಲಿಯೇ ಕರಗಿಹೋಗುತ್ತವೆ. ಸ್ವಪ್ನಸ್ಖಲನದಿಂದ ಆಕರಕೋಶಗಳ ನಿಧಿ ಬರಿದಾಗದು. ವಿರಕ್ತರ ಬ್ರಹ್ಮಚರ್ಯವು ಮಹೋನ್ನತವಾದ ವ್ರತ. ಆದರೆ ಅದು ಸಂಕಲ್ಪದಿಂದ ಹುಟ್ಟಿದ್ದು, ಭಯದಿಂದಲ್ಲ.

ನಿಧಿಗೆ ಒದಗುವ ಅಪಾಯಗಳು

ನಿಜವಾದ ಅಪಾಯಗಳು ಬೇರೆಯಿವೆ. ಮೊದಲನೆಯದು ಮಂಗನಬಾವು, ಕೆಲವೆಡೆ ಇದನ್ನು ಗದ್ದಬಾವು ಎನ್ನುವರು. ಚಿಕ್ಕ ಮಕ್ಕಳಿಗೆ ಇದು ಹೆಚ್ಚು ಹಾನಿ ಮಾಡುವುದಿಲ್ಲ. ಪ್ರಾಯ ಬಂದ ಮೇಲೆ ತಗುಲಿದರೆ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ವೃಷಣಗಳು ಬಾತುಕೊಂಡು, ಅವರಲ್ಲಿ ಕೆಲವರಿಗೆ ವೃಷಣವು ಕುಗ್ಗಿಹೋಗಬಹುದು. ಎಂಎಂಆರ್ ಲಸಿಕೆ ಇದನ್ನು ತಡೆಯುತ್ತದೆ. ಮಕ್ಕಳ ವೈದ್ಯರಲ್ಲಿ ವಿಚಾರಿಸಿ ಹಾಕಿಸಬೇಕು.

ಎರಡನೆಯದು ವೃಷಣ ತಿರುಚಿಕೊಳ್ಳುವುದು. ಹರೆಯದ ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಬದಿಯ ವೃಷಣದಲ್ಲಿ ತೀವ್ರವಾದ ನೋವು, ಬಾವು, ವಾಂತಿ ಕಾಣಿಸಿದರೆ ಅದು ತುರ್ತುಸ್ಥಿತಿ. ರಕ್ತ ಹರಿಯುವ ನಾಳವೇ ತಿರುಚಿರುವುದರಿಂದ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಭರವಸೆ ಹೆಚ್ಚು. ನಾಚಿಕೊಂಡು ಬೆಳಗಾಗಲೆಂದು ಕಾಯುವುದು ಸಲ್ಲದು. ನೋವಿದ್ದರೆ ಹೇಳಬೇಕೆಂದು ತಂದೆಯೇ ಮಗನಿಗೆ ಮೊದಲೇ ತಿಳಿಸಿರಬೇಕು.

ಮೂರನೆಯದು ವ್ಯಾಯಾಮಶಾಲೆಗಳಲ್ಲಿ ಮೈಕಟ್ಟು ಬೆಳೆಸಲೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಮತ್ತು ಅದರ ಜಾತಿಯ ಸ್ಟೀರಾಯ್ಡುಗಳು. ಪುರುಷ ಹಾರ್ಮೋನಿನಿಂದ ಪುರುಷತ್ವ ಹೆಚ್ಚುತ್ತದೆಂದು ಯುವಕರು ನಂಬುತ್ತಾರೆ. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿ ಗ್ರಂಥಿ ತನ್ನ ಆದೇಶವನ್ನು ನಿಲ್ಲಿಸುತ್ತದೆ. ವೃಷಣದ ಕಾಯಕವೂ ನಿಲ್ಲುತ್ತದೆ. ಇದು ಎಷ್ಟು ನಿಶ್ಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೊಂದು ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನು ಪುರುಷರ ಗರ್ಭನಿರೋಧಕವಾಗಿ ಪರೀಕ್ಷಿಸಿ ೧೯೯೦ರಲ್ಲಿ ಫಲಿತಾಂಶ ಪ್ರಕಟಿಸಿತು. ಪಾಲ್ಗೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಜನರ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾಗಿದ್ದವು. ಬಿಟ್ಟ ಮೇಲೆ ಸಾಮಾನ್ಯವಾಗಿ ಮರಳುತ್ತವೆ, ಆದರೆ ತಿಂಗಳುಗಳೇ ಹಿಡಿಯುತ್ತವೆ.

ನಾಲ್ಕನೆಯದು ಕ್ಯಾನ್ಸರಿನ ಚಿಕಿತ್ಸೆ. ಕೆಲವು ಔಷಧಗಳೂ ವಿಕಿರಣವೂ ಆಕರಕೋಶಗಳನ್ನೇ ನಾಶಪಡಿಸಬಲ್ಲವು. ಪ್ರಾಯಕ್ಕೆ ಬಂದ ಹುಡುಗನಾದರೆ ಚಿಕಿತ್ಸೆಗೆ ಮುನ್ನ ವೀರ್ಯವನ್ನು ಶೀತಲೀಕರಿಸಿ ಕಾಯ್ದಿಡುವ ವ್ಯವಸ್ಥೆಯಿದೆ. ತಂದೆತಾಯಿಗಳು ಅದನ್ನು ವೈದ್ಯರಲ್ಲಿ ಮೊದಲೇ ಕೇಳಬೇಕು. ಪ್ರಾಯ ಬಾರದ ಬಾಲಕರಲ್ಲಿ ವೀರ್ಯಾಣುಗಳಿಲ್ಲ, ಆಕರಕೋಶಗಳು ಮಾತ್ರ ಇವೆ. ೧೯೯೪ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಲ್ಫ್ ಬ್ರಿನ್ಸ್ಟರ್ ಅವರು ಒಂದು ಇಲಿಯ ಆಕರಕೋಶಗಳನ್ನು ಬರಡಾದ ಇನ್ನೊಂದು ಇಲಿಯ ವೃಷಣಕ್ಕೆ ಸೇರಿಸಿ, ಅಲ್ಲಿ ವೀರ್ಯಾಣುಗಳು ಹುಟ್ಟುವುದನ್ನು ತೋರಿಸಿದರು. ೨೦೧೯ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕೈಲ್ ಓರ್ವಿಗ್ ಅವರ ತಂಡವು, ಪ್ರಾಯ ಬಾರದ ಗಂಡುಕೋತಿಯ ವೃಷಣದ ತುಣುಕನ್ನು ಶೀತಲೀಕರಿಸಿಟ್ಟು, ಅನಂತರ ಅದೇ ಕೋತಿಯ ಚರ್ಮದಡಿ ಕಸಿಮಾಡಿ ಪಡೆದ ವೀರ್ಯಾಣುವಿನಿಂದ ಗ್ರೇಡಿ ಎಂಬ ಹೆಣ್ಣುಮರಿ ಹುಟ್ಟಿದ್ದನ್ನು ವರದಿ ಮಾಡಿತು. ಮನುಷ್ಯರಲ್ಲಿ ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ಆದರೂ ಕ್ಯಾನ್ಸರ್ ಗೆದ್ದ ಬಾಲಕರ ಪಾಲಿಗೆ ಇದೊಂದು ಆಶಾಕಿರಣ.

ಇವುಗಳಲ್ಲದೆ ತಂಬಾಕು, ಮಿತಿಮೀರಿದ ಮದ್ಯ, ಬೊಜ್ಜು, ಕುಲುಮೆ-ಭಟ್ಟಿಗಳ ಮುಂದೆ ದಿನವಿಡೀ ದುಡಿಯುವವರ ಬಿಸಿ ಇವೂ ವೀರ್ಯಾಣುಗಳನ್ನು ಕುಂದಿಸುತ್ತವೆ. ಸಮಾಧಾನವೆಂದರೆ ಈ ಬಿಸಿಯ ಹೊಡೆತ ಹೆಚ್ಚಾಗಿ ಬೀಳುವುದು ಬೆಳೆಯುತ್ತಿರುವ ಕೋಶಗಳ ಮೇಲೆ. ಮೂಲನಿಧಿ ಉಳಿದಿದ್ದರೆ, ಕಾರಣವನ್ನು ದೂರಮಾಡಿದ ಸುಮಾರು ಮೂರು ತಿಂಗಳಲ್ಲಿ ಹೊಸ ಬೆಳೆ ಕೈಗೆ ಬರುತ್ತದೆ.

ಔಷಧದ ಶಕ್ತಿ ಮತ್ತು ಮಿತಿ

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಅಶ್ವಗಂಧ, ನಸುಗುನ್ನಿ ಬೀಜ, ಶತಾವರಿ, ಹಾಲು, ತುಪ್ಪಗಳ ಪ್ರಯೋಗವನ್ನು ನಾವೂ ಮಾಡುತ್ತೇವೆ. ಶರೀರವನ್ನು ಶೋಧಿಸಿ, ಜಠರಾಗ್ನಿಯನ್ನು ಸರಿಪಡಿಸಿ, ನಿದ್ದೆ-ಆಹಾರ-ಮನಸ್ಸುಗಳನ್ನು ಹದಕ್ಕೆ ತಂದು ಔಷಧ ಕೊಟ್ಟಾಗ ಹಲವರಿಗೆ ಉಪಯೋಗವಾದುದನ್ನು ಕಂಡಿದ್ದೇವೆ. ಆದರೆ ಗೊಬ್ಬರ ಹಾಕಬೇಕಾದರೆ ಬೀಜವು ನೆಲದಲ್ಲಿರಬೇಕು. ಆಕರಕೋಶಗಳೇ ಇಲ್ಲದ ವೃಷಣದಲ್ಲಿ ಅವನ್ನು ಸೃಷ್ಟಿಸುವ ಲೇಹ್ಯವಿಲ್ಲ. ಹೊಟ್ಟೆಯಲ್ಲಿ ಉಳಿದ ವೃಷಣವನ್ನು ಇಳಿಸುವ ತೈಲವಿಲ್ಲ. ಶಸ್ತ್ರಕರ್ಮವನ್ನು ಚಿಕಿತ್ಸೆಯ ಶ್ರೇಷ್ಠ ಅಂಗವೆಂದು ಬೋಧಿಸಿದ ಸುಶ್ರುತರ ಪರಂಪರೆಯವರಾದ ನಾವು, ಶಸ್ತ್ರ ಬೇಕಾದಲ್ಲಿ ಶಸ್ತ್ರವೈದ್ಯರ ಬಳಿಗೆ ಕಳುಹಿಸಲು ಹಿಂಜರಿಯಬಾರದು. ಯಾರಾದರೂ ವಾರದೊಳಗೆ ವೀರ್ಯಾಣುಗಳನ್ನು ಹೆಚ್ಚಿಸುತ್ತೇವೆಂದು ಹಣ ಕೇಳಿದರೆ, ಒಂದು ವೀರ್ಯಾಣು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಬೇಕೆಂಬ ಲೆಕ್ಕವನ್ನು ಓದುಗರು ನೆನೆದುಕೊಂಡರೆ ಸಾಕು.

ದಂಪತಿಗಳಿಗೂ ಹಿರಿಯರಿಗೂ ಒಂದು ಬಿನ್ನಹ

ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಬೀಜವು ಇಬ್ಬರದೂ ಹೌದು. ಚರಕಾಚಾರ್ಯರೂ ಪುರುಷನ ಶುಕ್ರದೋಷಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹೀಗಿರುವಾಗ ಹೆಣ್ಣೊಬ್ಬಳನ್ನೇ ಪರೀಕ್ಷೆಗೆ ಒಡ್ಡುವುದು ಶಾಸ್ತ್ರಕ್ಕೂ ಸಮ್ಮತವಲ್ಲ, ವಿಜ್ಞಾನಕ್ಕೂ ಸಮ್ಮತವಲ್ಲ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಾರ್ಗದಲ್ಲಿ ನಡೆಯುವವರು ಮಕ್ಕಳಿಲ್ಲದ ಹೆಣ್ಣನ್ನು ಉಡಿ ತುಂಬುವ ಶಾಸ್ತ್ರದಿಂದ, ತೊಟ್ಟಿಲ ಕಾರ್ಯದಿಂದ ದೂರವಿಡುವುದು ಹೊಸದೊಂದು ಸೂತಕವನ್ನು ಹುಟ್ಟಿಸಿದಂತೆಯೇ ಸರಿ.

ಮದುವೆಯಾಗಿ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಯ ವಯಸ್ಸು ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು. ವೀರ್ಯಪರೀಕ್ಷೆಯು ನೋವಿಲ್ಲದ, ಕಡಿಮೆ ವೆಚ್ಚದ ಪರೀಕ್ಷೆ. ಅದು ಮೊದಲೇ ಆಗಬೇಕು. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಡಬೇಕು. ಒಮ್ಮೆ ಕಡಿಮೆ ಬಂದರೆ ಎದೆಗುಂದದೆ, ವೈದ್ಯರು ಹೇಳಿದ ಅವಧಿಯ ನಂತರ ಮತ್ತೊಮ್ಮೆ ಮಾಡಿಸಬೇಕು. ಬಾಲ್ಯದಲ್ಲಿ ವೃಷಣದ ಶಸ್ತ್ರಚಿಕಿತ್ಸೆಯಾಗಿದ್ದರೆ, ಪ್ರಾಯದಲ್ಲಿ ಮಂಗನಬಾವು ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ವರದಿಯಲ್ಲಿ ವೀರ್ಯಾಣುಗಳು ಇಲ್ಲವೆಂದು ಬಂದರೂ ದಾರಿ ಮುಚ್ಚಿತೆಂದಲ್ಲ. ನಾಳದ ಅಡಚಣೆಯೋ, ಹಾರ್ಮೋನಿನ ಕೊರತೆಯೋ, ಮೂಲದಲ್ಲಿಯೇ ಉತ್ಪಾದನೆ ಇಲ್ಲವೋ ಎಂಬುದನ್ನು ತಜ್ಞರು ಪರೀಕ್ಷಿಸಿ ಹೇಳಬಲ್ಲರು. ಕಾರಣ ಏನೇ ಇದ್ದರೂ ಅದು ಗಂಡಸುತನಕ್ಕೆ ಬಂದ ಕಳಂಕವಲ್ಲ, ದೇಹದ ಒಂದು ಅಂಗಕ್ಕೆ ಬಂದ ನ್ಯೂನತೆ ಮಾತ್ರ.

ಹರಕೆಯನ್ನು ಹೊರಬೇಡಿರೆಂದು ನಾವು ಹೇಳುವುದಿಲ್ಲ. ಪ್ರಾರ್ಥನೆಯಿಂದ ಮನಸ್ಸಿಗೆ ಬರುವ ಸ್ಥೈರ್ಯ ಚಿಕಿತ್ಸೆಗೂ ಸಹಕಾರಿ. ಗದ್ದುಗೆಗೆ ಇಬ್ಬರೂ ಜೊತೆಯಾಗಿ ನಡೆದು ಬರುವಂತೆ ವೈದ್ಯರ ಬಳಿಗೂ ಇಬ್ಬರೂ ಜೊತೆಯಾಗಿ ಹೋಗಲಿ. ಮನೆಯಲ್ಲಿ ವರ್ಷ ತುಂಬದ ಗಂಡುಕೂಸಿದ್ದರೆ ನಾಳೆಯೇ ಎರೆಯುವಾಗ ಒಮ್ಮೆ ನೋಡಿರಿ. ಸಂದೇಹ ಬಂದರೆ ಅದೇ ವಾರ ವೈದ್ಯರಿಗೆ ತೋರಿಸಿರಿ.